ಶ್ಲೋಕದಲ್ಲಿ ‘ಬುಧ್’ ಸಿಕ್ಕರೆ ಅರ್ಥ ಹಿಡಿಯೋದು ಹೇಗೆ?

ಬುದ್ಧ, ಬುದ್ಧಿ, ಬೋಧನೆ, ಪ್ರಬುದ್ಧ, ಸಂಬೋಧನೆ ಎಲ್ಲವೂ ಹುಟ್ಟಿದ್ದು ‘ಬುಧ್’ ಅನ್ನೋ ಒಂದೇ ಸಂಸ್ಕೃತ ಧಾತುವಿನಿಂದ, ಅಂದರೆ ಕ್ರಿಯಾಪದದ ಮೂಲರೂಪದಿಂದ. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ಇದಕ್ಕೆ ‘ಅವಗಮನ’ ಅಂತ ಅರ್ಥ ಕೊಟ್ಟಿದ್ದಾರೆ, ಅಂದರೆ ತಿಳಿಯುವುದು. ಅದನ್ನಷ್ಟೇ ನಂಬಿಕೊಂಡು ಕಾವ್ಯ ಓದಲು ಕೂತರೆ ಬೇಗ ಎಡವುತ್ತೀರಿ.

ಕಾಳಿದಾಸನ ಕಾವ್ಯ ರಘುವಂಶದ 10ನೇ ಸರ್ಗ ತೆಗೆಯಿರಿ. ರಾವಣನ ಕಾಟ ತಾಳಲಾರದೆ ದೇವತೆಗಳು ವಿಷ್ಣು ಮಲಗಿರುವ ಕಡಲಿಗೆ ಬರುತ್ತಾರೆ. ‘ತೇ ಚ ಪ್ರಾಪುರುದನ್ವಂತಂ ಬುಬುಧೇ ಚಾದಿಪೂರುಷಃ’. ಅವರು ಕಡಲನ್ನು ತಲುಪಿದರು, ಆದಿಪುರುಷ ತಿಳಿದ. ಏನನ್ನು ತಿಳಿದ? ವಾಕ್ಯದಲ್ಲಿ ಕರ್ಮಪದವೇ ಇಲ್ಲ! ‘ಎಚ್ಚರಗೊಂಡ’ ಅಂತ ಓದಿ ನೋಡಿ, ಸರಿಹೋಗುತ್ತೆ. ಇವರು ಬಂದರು, ಅವನು ಎದ್ದ, ಎರಡೂ ಒಟ್ಟೊಟ್ಟಿಗೆ.

ಹಾಗಾಗಿ ಮೊದಲು ಕರ್ಮಪದ ಹುಡುಕಿ. ಇಲ್ಲದಿದ್ದರೆ ‘ಎಚ್ಚರವಾಗು’ ಅನ್ನೋದನ್ನು ಹಾಕಿ ನೋಡಿ. ಇದ್ದರೆ ತಿಳಿ, ಗಮನಿಸು ಅಂತ ತೊಗೊಳ್ಳಿ. ಗೀತೆಯ ಮೊದಲ ಅಧ್ಯಾಯದಲ್ಲಿ ದುರ್ಯೋಧನ ದ್ರೋಣರಿಗೆ ‘ತಾನ್ನಿಬೋಧ’ ಅಂತಾನೆ. ‘ತಾನ್’ ಅಂದರೆ ಅವರನ್ನು. ನಮ್ಮ ಕಡೆಯ ಮುಖ್ಯರು ಯಾರು ಅಂತ ತಿಳಿದುಕೊಳ್ಳಿ ಅಂತ, ಅಷ್ಟೇ.

ಈ ಉಪಾಯ ಕೈಕೊಡುವ ಜಾಗವೂ ಇದೆ. ಕಠೋಪನಿಷತ್ತಿನ ‘ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ನಿಬೋಧತ’ ಎಲ್ಲರಿಗೂ ಗೊತ್ತಲ್ವಾ? ಇಲ್ಲಿ ‘ವರಾನ್’ (ಶ್ರೇಷ್ಠರನ್ನು) ಸೇರೋದು ‘ಪ್ರಾಪ್ಯ’ಕ್ಕೆ (ಹೊಂದಿ), ‘ನಿಬೋಧತ’ಕ್ಕೆ ಕರ್ಮಪದ ಇಲ್ಲ. ಆದರೂ ಅರ್ಥ ತಿಳಿಯಿರಿ ಅಂತಲೇ. ಏಕೆಂದರೆ ಎಚ್ಚರಗೊಳ್ಳುವ ಕೆಲಸವನ್ನು ‘ಜಾಗ್ರತ’ (ಎಚ್ಚರಗೊಳ್ಳಿ) ಆಗಲೇ ಮುಗಿಸಿದೆ. ಅಕ್ಕಪಕ್ಕದ ಕ್ರಿಯಾಪದ ನೋಡದೆ ತೀರ್ಮಾನ ಮಾಡಬೇಡಿ.

ಇನ್ನು ‘ಬೋಧಯತಿ’. ಇದು ಪ್ರೇರಣಾರ್ಥಕ, ಅಂದರೆ ಇನ್ನೊಬ್ಬರಿಂದ ಮಾಡಿಸುವ ರೂಪ: ಎಬ್ಬಿಸು, ತಿಳಿಸು, ಎರಡೂ ಹೌದು. ಕನ್ನಡದ ‘ಬೋಧಿಸು’ವಿನಲ್ಲಿ ಪಾಠ ಹೇಳೋದು ಮಾತ್ರ ಉಳಿದಿದೆ. ಆದರೆ ಋಗ್ವೇದದಲ್ಲಿ ಮುಂಜಾವಿನ ದೇವಿ ಉಷೆ ‘ವಿಶ್ವಂ ಜೀವಂ ಚರಸೇ ಬೋಧಯಂತೀ’, ಜೀವಿಗಳನ್ನೆಲ್ಲ ಓಡಾಟಕ್ಕೆ ಎಬ್ಬಿಸುವವಳು. ಅವಳನ್ನು ಸುಮ್ನೆ ಟೀಚರ್ ಮಾಡಬೇಡಿ.

ನಮಗೆ ಕನ್ನಡವೇ ಜಾಸ್ತಿ ದಾರಿ ತಪ್ಪಿಸೋದು ‘ಪ್ರಬುದ್ಧ’ದ ವಿಷಯದಲ್ಲಿ. ನಾವು ಪ್ರಬುದ್ಧ ನಟ, ಪ್ರಬುದ್ಧ ಬರಹ ಅಂತೀವಿ, ಪಕ್ವವಾದದ್ದು ಅಂತ. ಅದೇ 10ನೇ ಸರ್ಗದಲ್ಲಿ ವಿಷ್ಣುವಿನ ಕಣ್ಣು ‘ಪ್ರಬುದ್ಧ ಪುಂಡರೀಕ’. ಪಕ್ವವಾದ ತಾವರೆ ಅಂದರೆ ನಗೆಪಾಟಲು. ಅರಳಿದ ಬಿಳಿ ತಾವರೆ ಅದು. ಹೂವು ಎಚ್ಚರಗೊಂಡರೆ ಅರಳುತ್ತೆ.

ಆದರೆ ಕನ್ನಡ ಉಪಕಾರವನ್ನೂ ಮಾಡುತ್ತೆ. ನಿದ್ದೆಯಿಂದ ಆಗೋದೂ ಎಚ್ಚರ, ರಸ್ತೆ ದಾಟುವಾಗ ಇರಬೇಕಾದ್ದೂ ಎಚ್ಚರ. ಏಳುವುದು, ಗಮನಿಸುವುದು ಎರಡೂ ಒಂದೇ ಮಾತಿನಲ್ಲಿವೆ. ಬುಧ್ ಕೂಡ ಹೀಗೇ.

ನಿಘಂಟು ನೋಡುವವರಿಗೆ ಒಂದು ಮಾತು. ‘ಭೋತ್ಸ್ಯತೇ’ ಸಿಕ್ಕರೆ ‘ಭ’ದಲ್ಲಿ ಹುಡುಕಬೇಡಿ. ಅದು ಬುಧ್‌ನ ಭವಿಷ್ಯತ್ ರೂಪ. ‘ಧ’ ಹೋಗಿ ‘ತ’ ಆದಾಗ ಅದರ ಮಹಾಪ್ರಾಣ ಹಿಂದಕ್ಕೆ ಹಾರಿ ‘ಬ’ವನ್ನು ‘ಭ’ ಮಾಡಿದೆ. ‘ಬುಭುತ್ಸು’ವಿನಲ್ಲೂ ಅದೇ ಆಟ: ತಿಳಿಯಬೇಕು ಅನ್ನೋ ಆಸೆ ಇರುವವನು. ಅವಸರದಲ್ಲಿ ‘ಬುಭುಕ್ಷು’ ಅಂತ ಓದಿಬಿಟ್ಟೀರಿ, ಅವನಿಗೆ ಬೇಕಾಗಿರೋದು ಊಟ.