ಅಮಾವಾಸ್ಯೆಗೊಂದು ಕಂತು: ಹಿಟ್ಟಿನ ಗಿರಣಿಯಲ್ಲಿ ನಾವು ಮಾಡಿದ ಸರಣಿ

ನಮ್ಮ ವಿಡಿಯೊ ಸರಣಿಗೆ ಮೊದಲು ನಾನು ಕಥೆ ಬರೆದದ್ದು ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು. 1112ರಲ್ಲಿ ಕಟ್ಟಿದ ಗುಡಿ, ಆ ಕಂಬಗಳ ನಡುವೆ ಕ್ಯಾಮೆರಾ ಎಲ್ಲಿಟ್ಟರೂ ಚಂದ. ಆದರೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಜಾಗದಲ್ಲಿ ಸಿನಿಮಾ ಥರ ಶೂಟಿಂಗ್ ಮಾಡಲು ಮೊದಲೇ ಪರವಾನಗಿ ಪಡೆದು ಶುಲ್ಕ ಕಟ್ಟಬೇಕು. ನಮ್ಮ ಹತ್ತಿರ ಇದ್ದದ್ದು ಎರಡು ಫೋನು. ಹಾಳೆ ಹರಿದು ಹಾಕಿ, ಯಾರನ್ನೂ ಕೇಳದೆ ಸಿಗುವ ಜಾಗ ಯಾವುದು ಎಂದು ಯೋಚಿಸಿದೆ. ಸಿಕ್ಕಿದ್ದು ಕೊಪ್ಪಳದಲ್ಲಿರುವ ನಮ್ಮ ಸೋದರಮಾವನ ಹಿಟ್ಟಿನ ಗಿರಣಿ.

ತಗಡಿನ ಸೂರು, ಒಂದು ಬೆಳಕಿಂಡಿ, ಜೋಳ ತಂದವರು ಕೂರಲು ಕಡಪಾ ಕಲ್ಲಿನ ಕಟ್ಟೆ. ಆ ಕಟ್ಟೆಯೇ ಕಥೆ ಕೊಟ್ಟಿತು. ಪ್ರತಿ ಕಂತಿನಲ್ಲೂ ಕರೆಂಟು ಹೋಗುತ್ತದೆ, ಗಿರಣಿ ನಿಲ್ಲುತ್ತದೆ, ಕಾಯುತ್ತಾ ಕೂತವರು ಮಾತಿಗೆ ತೊಡಗುತ್ತಾರೆ. ಕರೆಂಟು ಬಂದರೆ ಕಂತು ಮುಗಿಯಿತು. ಆರು ಕಂತು, ಒಂದೇ ಜಾಗ. ಅಮಾವಾಸ್ಯೆಗೆ ಮಾವ ಮಷಿನ್ನಿಗೆ ಪೂಜೆ ಮಾಡಿ ಗಿರಣಿ ಬಂದ್ ಇಡುತ್ತಾರೆ. ಹಾಗಾಗಿ ತಿಂಗಳಿಗೊಂದೇ ದಿನ ಶೂಟಿಂಗ್. ಆತುರವಿದ್ದವರಿಗೆ ಇದು ಆಗುವುದಿಲ್ಲ. ನಮಗೆ ಮಾತ್ರ ಆ ನಡುವಿನ ಇಪ್ಪತ್ತೆಂಟು ದಿನಗಳೇ ಪಾಠ ಕಲಿಸಿದವು.

ಮೊದಲ ಪಾಠ ಧ್ವನಿಯದ್ದು. ಮೊದಲ ಕಂತನ್ನು ಫೋನಿನ ಮೈಕಿನಲ್ಲೇ ಹಿಡಿದಿದ್ದೆವು. ಮನೆಯಲ್ಲಿ ಹಾಕಿ ನೋಡಿದರೆ ಚಿತ್ರ ಪರವಾಗಿಲ್ಲ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಬರಿಗೋಡೆ, ತಗಡು, ಕಲ್ಲು, ಮೂರೂ ಸದ್ದನ್ನು ಹೊಡೆದು ವಾಪಸ್ ಕಳಿಸುತ್ತವೆ. ಅವ್ವ ಎರಡು ನಿಮಿಷ ನೋಡಿ ಒಳಗೆ ಎದ್ದು ಹೋದಳು. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದೇಳುತ್ತಾರೆ. ಆ ಕಂತನ್ನು ಪೂರ್ತಿ ತೆಗೆದು ಹಾಕಿ ಮತ್ತೆ ಮಾಡಿದೆವು.

ಎರಡನೇ ಸಲ ಓಣಿಯ ಮನೆಮನೆಗೆ ಹೋಗಿ ಕೌದಿ ಕೇಳಿದೆ. ಹನ್ನೊಂದು ಕೌದಿ ಬಂದವು. ಕ್ಯಾಮೆರಾಕ್ಕೆ ಕಾಣದ ಗೋಡೆಗಳಿಗೆಲ್ಲ ಅವನ್ನು ತೂಗುಹಾಕಿದೆವು, ಮೂಲೆಗಳಲ್ಲಿ ತುಂಬಿದ ಗೋಣಿಚೀಲ ಪೇರಿಸಿದೆವು. ಹಳೆ ಸೀರೆಗಳ ಆ ದಪ್ಪ ಹೊಲಿಗೆ ಸದ್ದನ್ನು ಹೇಗೆ ನುಂಗುತ್ತದೆ ಎಂದರೆ, ಒಂದು ಚಪ್ಪಾಳೆ ತಟ್ಟಿದ ಕೂಡಲೇ ವ್ಯತ್ಯಾಸ ತಿಳಿಯಿತು. ಆಮೇಲೆ ಅಂಗಿಗೆ ಸಿಕ್ಕಿಸುವ, ವೈರ್ ಇರುವ ಒಂದು ಮೈಕು ಕೊಂಡು, ಅದನ್ನು ಮೂರನೇ ಹಳೆ ಫೋನಿಗೆ ಚುಚ್ಚಿ, ಮಾತಾಡುವವರ ಸೆರಗಿನೊಳಗೋ ಜೇಬಿನೊಳಗೋ ಇಟ್ಟೆವು. ಪ್ರತಿ ಶಾಟಿನ ಮೊದಲು ಚಪ್ಪಾಳೆ: ಎಡಿಟಿಂಗ್‌ನಲ್ಲಿ ಅಂಗೈ ಕೂಡಿದ ಚಿತ್ರವನ್ನೂ ಟಪ್ ಎಂಬ ಸದ್ದನ್ನೂ ಒಂದೇ ಗೆರೆಗೆ ತಂದರೆ ಸಾಕು. ಕೊನೆಗೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಒಂದು ನಿಮಿಷ ಗಿರಣಿಯ ಬರೀ ಮೌನವನ್ನು ಹಿಡಿಯುತ್ತಿದ್ದೆವು. ಮಾತುಗಳ ನಡುವೆ ಕತ್ತರಿಸಿದ ಕಡೆ ಆ ಮೌನವನ್ನು ಹಾಸದಿದ್ದರೆ ಪ್ರತಿ ಕತ್ತರಿಯೂ ಕಿವಿಗೆ ಚುಚ್ಚುತ್ತದೆ.

ನಟರಲ್ಲಿ ಒಬ್ಬರು, ನಾವೆಲ್ಲ ಕಾಕಾ ಅನ್ನುವವರು, ಜಾತ್ರೆ ನಾಟಕಗಳಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದವರು. ಬಾಯಿ ತೆರೆದರೆ ತಗಡು ನಡುಗುತ್ತಿತ್ತು.

‘ಕಾಕಾ, ಒಂಚೂರು ಸಣ್ಣಗ ಮಾತಾಡ್ರಿ’ ಅಂದೆ.

‘ಯಾಕ ತಂಗೀ, ಹಿಂದ ಕುಂತವ್ರಿಗೆ ಕೇಳಬ್ಯಾಡೇನು?’

ಅವರು ಕೇಳಿದ್ದು ನ್ಯಾಯವೇ. ಅವರ ಕಲೆ ಬೆಳೆದದ್ದೇ ಕೊನೆಯ ಸಾಲಿಗಾಗಿ. ಸಣ್ಣಗೆ ಮಾತಾಡಿ ಎಂದು ಹೇಳುವುದನ್ನು ಬಿಟ್ಟು, ಅವರ ಎದುರಿಗೆ ಒಂದು ಮೊಳ ದೂರದಲ್ಲಿ ಅವರ ಗೆಳೆಯರನ್ನು ಕೂರಿಸಿ, ‘ಇವ್ರಿಗಷ್ಟ ಹೇಳ್ರಿ, ಪಕ್ಕದವ್ರಿಗೆ ಗೊತ್ತಾಗಬಾರದು’ ಅಂದೆ. ದನಿ ತಾನಾಗಿಯೇ ಇಳಿಯಿತು. ಅವರ ಕಣ್ಣಲ್ಲಿ ಅಷ್ಟೊಂದು ಇದೆ ಎಂಬುದು ಅವತ್ತೇ ನನಗೆ ಕಂಡದ್ದು.

ಭಾಷೆಯ ವಿಷಯದಲ್ಲಿ ತಪ್ಪು ನನ್ನದು. ಪುಸ್ತಕದ ಕನ್ನಡದಲ್ಲಿ ಸಂಭಾಷಣೆ ಬರೆದಿದ್ದೆ. ಪಕ್ಕದ ಮನೆಯ ಅಕ್ಕ ಹಾಳೆ ತಿರುಗಿಸಿ ನೋಡಿ, ‘ನಮ್ಮೂರಾಗ ಹಿಂಗ್ಯಾರ ಮಾತಾಡ್ತಾರ?’ ಅಂದರು. ಅಲ್ಲಿಂದ ಮುಂದೆ ದೃಶ್ಯದಲ್ಲಿ ಏನಾಗಬೇಕು ಎಂಬುದನ್ನಷ್ಟೇ ಬರೆದೆ, ಮಾತು ಅವರಿಗೇ ಬಿಟ್ಟೆ. ಮಾತು ಜೀವ ಪಡೆಯಿತು, ಹೊಸ ತೊಡಕೂ ಬಂತು: ಪ್ರತಿ ಟೇಕಿಗೂ ಮಾತು ಬೇರೆ, ಒಂದರ ಮುಖಕ್ಕೆ ಇನ್ನೊಂದರ ಮಾತು ಕೂಡುವುದಿಲ್ಲ. ಅದಕ್ಕೇ ಎರಡು ಫೋನನ್ನೂ ಒಟ್ಟಿಗೆ ಓಡಿಸಿದೆವು, ಒಂದು ಮಾತಾಡುವವರ ಮೇಲೆ, ಒಂದು ಕೇಳುವವರ ಮೇಲೆ. ಎರಡರಲ್ಲೂ ಬೆಳಕು ಮತ್ತು ಬಣ್ಣದ ಹೊಂದಿಕೆಯನ್ನು ಲಾಕ್ ಮಾಡಲೇಬೇಕು, ಇಲ್ಲದಿದ್ದರೆ ಒಂದರಲ್ಲಿ ಗೋಡೆ ಹಳದಿ, ಇನ್ನೊಂದರಲ್ಲಿ ನೀಲಿ. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪಿನಲ್ಲಿ ಈ ಸೌಲಭ್ಯವಿದೆ.

ಬೆಳಕಿಗೆ ಬೆಳಕಿಂಡಿಯೇ ಸಾಕಾಯಿತು. ಮುಖದ ನೆರಳು ತೆಳುವಾಗಿಸಲು ಬಿಳಿ ಥರ್ಮೋಕೋಲ್ ಹಾಳೆ ಹಿಡಿದೆವು. ಕಂದೀಲು ಹಚ್ಚುವ ದೃಶ್ಯವೊಂದಿತ್ತು. ಮಾವ ಖಡಾಖಂಡಿತವಾಗಿ ಬೇಡವೆಂದರು, ‘ಗಿರಣ್ಯಾಗ ಕಡ್ಡಿ ಗೀರಂಗಿಲ್ಲ.’ ಗಾಳಿಯಲ್ಲಿ ತೇಲುವ ಹಿಟ್ಟಿನ ದೂಳಿಗೆ ಕಿಡಿ ತಾಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕಂದೀಲಿನ ಗಾಜಿನೊಳಗೆ ಚಾರ್ಜಿಂಗ್ ಬಲ್ಬ್ ಇಟ್ಟು ಕೆಲಸ ಮುಗಿಸಿದೆವು.

ಕರೆಂಟು ಬಂದು ಟ್ಯೂಬ್‌ಲೈಟು ಹತ್ತುವ ಕಡೆಯ ಶಾಟಿನಲ್ಲಿ ಮಾತ್ರ ಪರದೆಯ ತುಂಬ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ಫೋನು ಕೆಟ್ಟಿದೆ ಎಂದೇ ಎಣಿಸಿದ್ದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಷಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ, ಫ್ರೇಮನ್ನು ಸೆಕೆಂಡಿಗೆ 25ಕ್ಕೆ ಇಟ್ಟು ಆ ಮಿಣುಕಿಗೆ ಹೊಂದಿಸಿದ ಮೇಲೆ ಪಟ್ಟಿ ಮಾಯ.

ಎಡಿಟಿಂಗ್ ಗೆಳತಿಯ ಕಂಪ್ಯೂಟರಿನಲ್ಲಿ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ಉದ್ದ ಶಾಟುಗಳಲ್ಲಿ ತುಟಿ ಮತ್ತು ಮಾತು ಮೆಲ್ಲಗೆ ಬೇರೆಯಾಗುತ್ತಿದ್ದವು. ಫೋನು ಫ್ರೇಮಿನ ವೇಗವನ್ನು ತಾನೇ ಹೆಚ್ಚುಕಮ್ಮಿ ಮಾಡುವುದರಿಂದ ಹಾಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೇ ವೇಗಕ್ಕೆ ಬದಲಿಸಿಕೊಂಡು ತಂದರೆ ಸರಿ. ಇನ್ನೊಂದು, ಫೈಲನ್ನು ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಸಂಗೀತಕ್ಕೆ ಓಣಿಯ ಭಜನಾ ಮಂಡಳಿಯವರು ಹಾರ್ಮೋನಿಯಂ ತಂದು ಕೂತರು. ಬೇರೆಯವರ ಧ್ವನಿಮುದ್ರಣ ಒಂದು ಚೂರೂ ಬಳಸಲಿಲ್ಲ.

ನನಗೆ ತುಂಬ ಇಷ್ಟವಾದದ್ದು ನಾಲ್ಕನೇ ಕಂತು. ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಹೋಗುತ್ತದೆ. ಅದಕ್ಕೆ ಮುಂಚಿನ ದಿನಗಳಲ್ಲಿ ಗಿರಣಿಗೆ ಬಿಡುವಿಲ್ಲ. ಜಾತ್ರೆಗೆ ಮುಂಚಿನ ಅಮಾವಾಸ್ಯೆಯಂದು, ರೊಟ್ಟಿಗೆ ಜೋಳ ತಂದ ಹೆಂಗಸರೇ ಪುಟ್ಟಿಗಳ ಸಮೇತ ಕಟ್ಟೆಯ ಮೇಲೆ ಕೂತರು. ಯಾರ ಪಾಲು ಎಷ್ಟು ರೊಟ್ಟಿ ಎಂಬ ಮಾತು, ಹಿಂದಿನ ವರ್ಷ ಜೊತೆಗೆ ತಟ್ಟಿದ್ದು ಈ ವರ್ಷ ಇಲ್ಲದವಳ ನೆನಪು. ನಾನು ಏನನ್ನೂ ಹೇಳಿಕೊಡಲಿಲ್ಲ.

ಆದರೆ ಆ ದಿನವೇ, ಮೂರನೇ ಕಂತಿನಲ್ಲಿ ದಟ್ಟ ಕೂದಲಿದ್ದ ಹುಡುಗ ತಿರುಪತಿಗೆ ಮುಡಿ ಕೊಟ್ಟು ಬೋಳುತಲೆಯಲ್ಲಿ ಬಂದ. ಕಟ್ಟೆಯ ಮೇಲಿನ ಅಜ್ಜಿ ಅವನ ತಲೆ ಸವರಿ, ‘ಯಾವಾಗ ಹೋಗಿದ್ರೋ?’ ಎಂದು ಕೇಳಿದಳು. ಅದನ್ನೇ ಇಟ್ಟುಕೊಂಡೆವು.

ಖರ್ಚಾದದ್ದು ಮೈಕು, ಥರ್ಮೋಕೋಲ್, ಮತ್ತೆ ಪ್ರತಿ ಸಲ ಎಲ್ಲರಿಗೂ ಒಗ್ಗರಣೆ-ಮಿರ್ಚಿ, ಚಹಾ. ಊಟ-ತಿಂಡಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬಾರದು. ಜನ ನಮಗೆ ಕೊಟ್ಟದ್ದು ಅವರ ರಜೆಯ ದಿನವನ್ನು.

ಆರನೇ ಕಂತನ್ನು ಗಿರಣಿಯ ಗೋಡೆಗೇ ಬಿಳಿ ದುಪ್ಪಟಿ ಕಟ್ಟಿ ತೋರಿಸಿದೆವು. ಕಾಕಾ ಬೇಕೆಂತಲೇ ಕಡೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ಅಲ್ಲಿಗೂ ಕೇಳತೈತಿ ಬಿಡವ್ವ’ ಅಂದರು. ಮುಂದಿನ ಅಮಾವಾಸ್ಯೆ ಯಾವಾಗ ಎಂದೂ ಕೇಳಿದರು.