ಹಾವುಗೆ ಹುಡುಕಿದ್ದು

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಊರ ಮಠದಲ್ಲಿ ಈ ಮೊದಲಿದ್ದ ಸ್ವಾಮಿಗಳ, ನಮ್ಮ ಅಜ್ಜಾವರ, ಕಟ್ಟಿಗೆ ಹಾವುಗೆಗಳು, ಅಂದರೆ ಪಾದುಕೆಗಳು, ಮಾಳಿಗೆ ಕೆಡವಿ ಕಟ್ಟಿಸುವ ಗದ್ದಲದಲ್ಲಿ ಕಾಣೆಯಾಗಿ ಮೂವತ್ತು ವರ್ಷ ಮೀರಿತ್ತು. ಎಲ್ಲಿವೆಯೆಂದು ಧ್ಯಾನದಲ್ಲಿ ನೋಡಿ ಹೇಳು ಎಂದು ಮಠದವರು ಕೇಳಿದರು, ಒಪ್ಪಿಕೊಂಡೆ. ನಿಧಿ ಕೇಳಲು ಬರುವವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸುತ್ತೇನೆ. ಅಂಥವರು ಅಗೆದು ಹಾಳುಗೆಡವಿದ ಗುಡಿಗಳನ್ನು ಕಣ್ಣಾರೆ ಕಂಡಿದ್ದೇನೆ.

ನಸುಕಿನಲ್ಲಿ ಲಿಂಗಪೂಜೆ ಮುಗಿಸಿ ಅಲ್ಲೇ ಕೂಡುತ್ತೇನೆ. ಹುಡುಕುವ ವಸ್ತುವನ್ನು ಒಮ್ಮೆ ನೆನೆದು ಬಿಟ್ಟುಬಿಡಬೇಕು. ಮೊದಲು ಬರುವುದು ಚಿತ್ರವಲ್ಲ. ತಂಪು, ವಾಸನೆ, ಒರಟುತನ. ಬಂದಷ್ಟನ್ನೇ ಬರೆಯಬೇಕು. ‘ಇದು ಬಾವಿ’ ಎಂದು ಹೆಸರಿಟ್ಟರೆ ಕೆಟ್ಟಿತು, ಆಮೇಲೆ ಮನಸ್ಸು ಬಾವಿಯನ್ನೇ ಕಟ್ಟತೊಡಗುತ್ತದೆ. ಚೀಟಿಗೆ ತಾರೀಖು ಹಾಕಿ, ಲಕೋಟೆ ಅಂಟಿಸಿ, ವಿಷಯ ಗೊತ್ತಿಲ್ಲದ ಗೆಳೆಯನಿಗೆ ಕೊಡುತ್ತೇನೆ. ಆಮೇಲೆ ತಿದ್ದಲು ಬರಬಾರದು, ಅದಕ್ಕೆ.

ಒಂಬತ್ತು ನಸುಕು ಕೂತೆ. ಏಳು ಚೀಟಿ ಯಾವುದಕ್ಕೂ ತಾಳೆಯಾಗಲಿಲ್ಲ. ಎರಡರಲ್ಲಿ ಒಂದೇ ಮಾತಿತ್ತು: ‘ಗುಂಡನೆಯ ಕತ್ತಲು, ಜೋಳದ ವಾಸನೆ, ಮಣ್ಣಿನ ಗೋಡೆ.’ ನೆಲದೊಳಗೆ ಕಾಳು ತುಂಬಿಡುವ ಹಗೇವೇ ಇರಬೇಕೆಂದು ಮಠದ ಹಗೇವು ತೆಗೆಸಿದೆವು. ಬರೀ ಹೊಟ್ಟು. ನಾನೇ ಹೆಸರಿಟ್ಟು ಕೆಡಿಸಿದ್ದೆ. ತಿಂಗಳ ಮೇಲೆ ಭಕ್ತರೊಬ್ಬರ ಮನೆಯ ಕಾಳು ತುಂಬುವ ಹಳೇ ಮಣ್ಣಿನ ವಾಡೆಯ ತಳದಲ್ಲಿ, ಕಾವಿ ಬಟ್ಟೆಯೊಳಗೆ, ಬಲಗಾಲಿನ ಹಾವುಗೆ ಸಿಕ್ಕಿತು. ಅದನ್ನು ಮುಟ್ಟಿದಾಗ ಕೈ ನಡುಗಿತು.

ಮನೆಗೆ ಬಂದು ಹೇಳಿದರೆ ಅವ್ವ, “ಆ ಮನೀಗಿ ಮಠದ ಸಾಮಾನು ಹೊತ್ತಾಗ ನೀ ನನ್ನ ಸೆರಗ ಹಿಡ್ಕೊಂಡೇ ಬಂದಿದ್ದೆಲ್ಲೋ, ನಾಕು ವರ್ಷದಾಂವ” ಅಂದಳು. ನನಗೆ ಒಂದಿಷ್ಟೂ ನೆನಪಿಲ್ಲ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಮಠದ ಉತ್ಖನನ ನಡೆಸಿದ ಬ್ಲೈ ಬಾಂಡ್, ಹುಗಿದುಹೋದ ಗುಡಿಯ ಗುರುತು ಸತ್ತ ಸನ್ಯಾಸಿಗಳು ಗೆಳೆಯನ ಕೈಯಿಂದ ಬರೆಸಿದ್ದರಲ್ಲಿತ್ತೆಂದು 1918ರಲ್ಲಿ ಹೇಳಿಕೊಂಡ. ವಾಸ್ತುಶಿಲ್ಪಿಯಾದ ಅವನು ಹಳೆಯ ದಾಖಲೆಗಳನ್ನೆಲ್ಲ ಓದಿಕೊಂಡಿದ್ದ ಎಂಬ ಆಕ್ಷೇಪ ಬಂತು. ಈಗ ಆ ಆಕ್ಷೇಪ ನನಗೂ ತಟ್ಟುತ್ತದೆ. ಕಂಡಿದ್ದು ದೃಷ್ಟಿಯೋ, ನಾಲ್ಕು ವರ್ಷದ ಕೂಸಿನ ನೆನಪೋ, ನನ್ನ ಚೀಟಿ ಹೇಳಲಾರದು.

ಕಣ್ಣೆದುರೇ ಇದ್ದದ್ದು ಕಾಣದೇ ಹೋಗುವುದು ಹೊಸದಲ್ಲ. ನಮ್ಮ ಭೀಮಾ ದಂಡೆಯ ಸನ್ನತಿಯಲ್ಲೂ ಅಶೋಕನ ಶಾಸನದ ಕಲ್ಲು ಕಾಳಿಯ ಪೀಠವಾಗಿ ಪೂಜೆಯಲ್ಲೇ ಇತ್ತು. 1986ರಲ್ಲಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದ ಮೇಲೆಯೇ ಅಕ್ಷರ ಕಂಡವು.

ಎಡಗಾಲಿನ ಹಾವುಗೆ ಇನ್ನೂ ಸಿಕ್ಕಿಲ್ಲ. ಈ ಸಲ ಧ್ಯಾನಕ್ಕೆ ಕೂಡುವ ಮುಂಚೆ ಅವ್ವನ ಮುಂದೆ ಕೂತೆ, ಅವತ್ತು ಯಾರ್ಯಾರು ಏನೇನು ಹೊತ್ತರೆಂದು ಕೇಳಿ ಬರೆದುಕೊಂಡೆ.