ಗಡಿಯಾಚೆ ಈಚೆ ಒಂದೇ ರೋಗಾಣುವೇ? ಕಾಸರಗೋಡಿನ ಭೇದಿ ಬ್ಯಾಕ್ಟೀರಿಯಾಗಳ ತಳಿ ಹೋಲಿಸುವ ಕ್ರಮ

ಮಳೆಗಾಲದಲ್ಲಿ ಮಂಜೇಶ್ವರದ ಒಂದು ಮನೆಯ ಮೂವರಿಗೆ ವಾಂತಿಭೇದಿ ಹಿಡಿದರೆ ಒಬ್ಬರು ತಲಪಾಡಿಯ ರಾಜ್ಯ ಗಡಿ ದಾಟಿ ಕರ್ನಾಟಕದ ಮಂಗಳೂರಿಗೆ ಹೋಗುತ್ತಾರೆ, ಇನ್ನೊಬ್ಬರು ಕಾಸರಗೋಡಿಗೆ, ಮೂರನೆಯವರು ಗಂಜಿತಿಳಿ ಕುಡಿದು ಮನೆಯಲ್ಲೇ ಮಲಗುತ್ತಾರೆ. ರೋಗಾಣು ಒಂದೇ ಇದ್ದರೂ ದಾಖಲೆ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತದೆ. ಯಾವ ತಳಿ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಇವನ್ನೆಲ್ಲ ಮತ್ತೆ ಜೋಡಿಸಬೇಕು. ಈ ಕೆಲಸ ಹೆಚ್ಚಾಗಿ ಕೆಡುವುದು ಮಲ, ರಕ್ತ, ನೀರಿನ ಮಾದರಿಯ ಡಬ್ಬಿಗೆ ಅಂಟಿಸುವ ಚೀಟಿಯಲ್ಲೇ. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಚೀಟಿಯಲ್ಲಿ ಆಸ್ಪತ್ರೆಯ ಊರಲ್ಲ, ರೋಗಿ ನೀರು ಕುಡಿದ, ಊಟ ಮಾಡಿದ ಊರು ಇರಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ: ಒಂದೇ ಊರಿಗೆ ಎರಡು ಹೆಸರು. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಇಲ್ಲಿ ಕುಂಬಳೆ, ಅಲ್ಲಿ ಕುಂಬಳ. ಕಂಪ್ಯೂಟರ್ ಇವನ್ನು ಎರಡೆರಡು ಊರೆಂದೇ ಎಣಿಸುತ್ತದೆ, ಆಗ ಒಂದೇ ಕಡೆಯ ಐದು ಪ್ರಕರಣ ಮೂರು ಮತ್ತು ಎರಡಾಗಿ ಒಡೆಯುತ್ತವೆ. ಹೆಸರಿನ ಜೊತೆ 671ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್ ಮತ್ತು ಪಂಚಾಯತ್ ಬರೆಯಿರಿ. ಭೇದಿ ಶುರುವಾದ ದಿನ, ಮಾದರಿ ತೆಗೆದ ದಿನ, ಆಗಲೇ ನುಂಗಿದ ಆಂಟಿಬಯೋಟಿಕ್, ನೀರಿನ ಮೂಲ ಬಾವಿಯೋ ಸುರಂಗವೋ (ನೀರಿಗಾಗಿ ಗುಡ್ಡದಲ್ಲಿ ಅಡ್ಡ ಕೊರೆದದ್ದು) ನಳ್ಳಿಯೋ, ಇವೂ ಬೇಕು. ಪ್ರಯಾಣದ ವಿವರ ಕಾಲರಾಕ್ಕೆ ಹಿಂದಿನ 5 ದಿನದ್ದು ಸಾಕು, ಟೈಫಾಯ್ಡ್‌ಗೆ 3 ವಾರದ್ದು ಕೇಳಿ. ಕೊಲ್ಲಿಯಿಂದಲೋ ಮುಂಬೈಯಿಂದಲೋ ಹೋದ ವಾರವಷ್ಟೇ ಬಂದವರ ರೋಗಾಣುವನ್ನು ಊರಿನದೆಂದು ದಾಖಲಿಸಿದರೆ ಮುಂದಿನ ಹೋಲಿಕೆಯೆಲ್ಲ ದಾರಿ ತಪ್ಪುತ್ತದೆ.

ಮಲದ ಮಾದರಿಯನ್ನು ಭೇದಿ ಶುರುವಾದ ಮೊದಲ ನಾಲ್ಕು ದಿನದೊಳಗೆ, ಸಾಧ್ಯವಾದಷ್ಟು ಆಂಟಿಬಯೋಟಿಕ್ ಕೊಡುವ ಮುಂಚೆ ತೆಗೆಯಿರಿ. ಆದರೆ ಮಾದರಿಗೆಂದು ಒಆರ್‌ಎಸ್ ಕೊಡುವುದನ್ನು ಒಂದು ನಿಮಿಷವೂ ತಡಮಾಡಬೇಡಿ. ನೀರಾದ ಮಲ 5ರಿಂದ 10 ಮಿಲಿ ಸಾಕು. ರಕ್ತ ಅಥವಾ ಲೋಳೆ ಇದ್ದರೆ ಆ ಭಾಗವನ್ನೇ ಆರಿಸಿ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಲು ಆಗದಿದ್ದರೆ ರೋಗಾಣುವನ್ನು ದಾರಿಯಲ್ಲಿ ಜೀವಂತ ಇಡುವ ಕ್ಯಾರಿ-ಬ್ಲೇರ್ ಮಾಧ್ಯಮದ ಟ್ಯೂಬ್ ಬೇಕೇ ಬೇಕು. ಸ್ವಾಬ್ (ತುದಿಗೆ ಹತ್ತಿ ಸುತ್ತಿದ ಕಡ್ಡಿ) ಅನ್ನು ಮೊದಲು ಮಾಧ್ಯಮದಲ್ಲಿ ಒದ್ದೆ ಮಾಡಿ, ಮಲದಲ್ಲಿ ಹೊರಳಿಸಿ, ಟ್ಯೂಬಿನ ತಳದವರೆಗೆ ಇಳಿಸಿ, ಮೇಲಿನ ಕಡ್ಡಿ ಮುರಿದು ಮುಚ್ಚಳ ಹಾಕಿ. ಇಟ್ಟ ಮಲ ಹುಳಿಯಾಗುತ್ತ ಹೋಗುತ್ತದೆ. ರಕ್ತಭೇದಿ ತರುವ ಶಿಗೆಲ್ಲ ಬ್ಯಾಕ್ಟೀರಿಯಾ ಆ ಆಮ್ಲದಲ್ಲಿ ಬೇಗ ಸಾಯುತ್ತದೆ. ಆದ್ದರಿಂದ ಶಿಗೆಲ್ಲದ ಶಂಕೆಯಿರುವ ಟ್ಯೂಬನ್ನು 4 ಡಿಗ್ರಿ ತಂಪಿನಲ್ಲಿಟ್ಟು ಎರಡು ದಿನದೊಳಗೆ ಕಳುಹಿಸಿ, ಮನೆಯ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಬೇಡಿ. ಕಾಲರಾದ ವಿಬ್ರಿಯೊ ಇದೇ ಮಾಧ್ಯಮದಲ್ಲಿ ಕೋಣೆಯ ಬಿಸಿಗೂ ತಾಳುತ್ತದೆ. ಟೈಫಾಯ್ಡ್‌ನ ಮೊದಲ ವಾರದಲ್ಲಿ ಮಲವನ್ನು ನಂಬಬೇಡಿ. ದೊಡ್ಡವರಿಂದ 8ರಿಂದ 10 ಮಿಲಿ ರಕ್ತ ತೆಗೆದು ಕಲ್ಚರ್ (ರೋಗಾಣು ಬೆಳೆಸುವ) ಬಾಟಲಿಗೆ ಹಾಕಿ.

ಬಾವಿ ನೀರಿನ ಮಾದರಿಯನ್ನು ಬ್ಲೀಚಿಂಗ್ ಪೌಡರ್ ಹಾಕುವ ಮೊದಲು ತೆಗೆಯಬೇಕು. ಭೇದಿಯ ಸುದ್ದಿ ಹಬ್ಬಿದ ದಿನವೇ ಬಾವಿಗೆ ಪೌಡರ್ ಬೀಳುವುದು ಸರಿಯಾದದ್ದೇ, ಅದನ್ನು ನಿಲ್ಲಿಸಬಾರದು. ಅದಕ್ಕೆ ಅರ್ಧ ಗಂಟೆ ಮೊದಲು ಬಾಟಲಿ ತುಂಬಿಸಿಕೊಂಡರಾಯಿತು. ಪೌಡರ್ ಆಗಲೇ ಬಿದ್ದಿದ್ದರೆ 120 ಮಿಲಿ ಬಾಟಲಿಗೆ ಶೇ. 3ರ ಸೋಡಿಯಂ ಥಯೋಸಲ್ಫೇಟ್ 0.1 ಮಿಲಿ ಹಾಕಿಟ್ಟು ನೀರು ತುಂಬಿಸಿ. ಲೀಟರಿಗೆ 5 ಮಿಲಿಗ್ರಾಂವರೆಗಿನ ಕ್ಲೋರಿನ್ ಅದರಿಂದ ತಣಿಯುತ್ತದೆ. ಹಾಗೆ ಮಾಡದಿದ್ದರೆ ಲ್ಯಾಬಿಗೆ ಹೋಗುವ ದಾರಿಯಲ್ಲೇ ಬ್ಯಾಕ್ಟೀರಿಯಾ ಸತ್ತು, ನೀರು ಚೆನ್ನಾಗಿತ್ತೆಂಬ ಸುಳ್ಳು ಫಲಿತಾಂಶ ಬರುತ್ತದೆ.

ಲ್ಯಾಬಿನ ಕಲ್ಚರ್ ಕ್ರಮ ಗೊತ್ತಿರುವುದೇ. ವಿಬ್ರಿಯೊಗೆ ಆಲ್ಕಲೈನ್ ಪೆಪ್ಟೋನ್ ನೀರು ಎಂಬ ಪೋಷಕ ದ್ರವದಲ್ಲಿ 6ರಿಂದ 8 ಗಂಟೆ ಬೆಳೆಸಿ, ವಿಬ್ರಿಯೊವನ್ನು ಆರಿಸಿ ಬೆಳೆಸುವ ಟಿಸಿಬಿಎಸ್ ಪ್ಲೇಟಿಗೆ ಎಳೆಯುವುದು, ಹಳದಿ ಕಾಲನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕಿ) ಹುಡುಕುವುದು. ಟೈಫಾಯ್ಡ್ ರೋಗಾಣುವೂ ಸೇರಿದ ಸಾಲ್ಮೊನೆಲ್ಲ ಗುಂಪಿಗೆ ಮತ್ತು ಶಿಗೆಲ್ಲಕ್ಕೆ ಎಕ್ಸ್‌ಎಲ್‌ಡಿ ಪ್ಲೇಟು. ಸಾಲ್ಮೊನೆಲ್ಲದ ಕೆಂಪು ಕಾಲನಿಯ ನಡುವೆ ಕಪ್ಪು ಇರುತ್ತದೆಂದು ಪಾಠದಲ್ಲಿ ಓದಿರುತ್ತೀರಿ, ಆದರೆ ಟೈಫಾಯ್ಡ್ ತರುವ ಟೈಫಿ ಎಂಬ ಸಾಲ್ಮೊನೆಲ್ಲದಲ್ಲಿ ಆ ಕಪ್ಪು ತೀರಾ ಮಸುಕು ಅಥವಾ ಇಲ್ಲವೇ ಇಲ್ಲ. ಡಿಎನ್‌ಎ ತೆಗೆಯುವ ಮೊದಲು ಒಂಟಿ ಕಾಲನಿಯನ್ನು ಇನ್ನೊಂದು ಪ್ಲೇಟಿನಲ್ಲಿ ಮತ್ತೆ ಬೆಳೆಸಿ ಶುದ್ಧ ಮಾಡಿಕೊಳ್ಳಿ, ಸ್ವಲ್ಪವನ್ನು ಶೇ. 20ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಕಾದಿಡಿ.

ಪ್ರದೇಶಕ್ಕೆ ತಕ್ಕ ಹಾಗೆ ತಳಿ ಬದಲಾದರೆ ಪರೀಕ್ಷೆಯೇ ಕುರುಡಾಗಬಹುದು. 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡ ಕಾಲರಾ ರೋಗಾಣು ಅಲ್ಲಿಯವರೆಗೆ ಬಳಸುತ್ತಿದ್ದ ಒ1 ಆಂಟಿಸೀರಂಗೆ (ಒ1 ಬಗೆಯ ರೋಗಾಣುವನ್ನು ಗುಡ್ಡೆಗಟ್ಟಿಸಿ ಗುರುತಿಸುವ ದ್ರವ) ಗುಡ್ಡೆಗಟ್ಟಲಿಲ್ಲ, ಏಕೆಂದರೆ ಅದರ ಮೇಲ್ಮೈ ಸಕ್ಕರೆಯೇ ಬೇರೆಯಾಗಿತ್ತು. ಮುಂದೆ ಅದಕ್ಕೆ ಒ139 ಎಂದು ಹೆಸರಾಯಿತು. ಪಿಸಿಆರ್ ಪರೀಕ್ಷೆಯಲ್ಲಿ ರೋಗಾಣುವಿನ ಡಿಎನ್‌ಎಗೆ ಅಂಟಿ ಅದನ್ನು ಪತ್ತೆಮಾಡುವ ಪ್ರೈಮರ್ ಎಂಬ ತುಣುಕುಗಳಿಗೂ ಇದೇ ಅಪಾಯ: ಬೇರೆ ದೇಶದ ತಳಿ ನೋಡಿ ಮಾಡಿದ ಪ್ರೈಮರ್ ಇಲ್ಲಿನದರಲ್ಲಿ ಅಂಟದೇ ಹೋಗಬಹುದು. ಕಲ್ಚರ್‌ನಲ್ಲಿ ಬೆಳೆದದ್ದು ಪಿಸಿಆರ್‌ನಲ್ಲಿ ನೆಗೆಟಿವ್ ಬಂದರೆ ಕಲ್ಚರ್ ಪ್ಲೇಟನ್ನು ಎಸೆಯಬೇಡಿ. ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಲು, ಮೊದಲು ಹೋಗಬೇಕಾದದ್ದು ಅದೇ.

ಎಷ್ಟು ಓದಿಸಬೇಕು? ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಸುಮಾರು 50 ಲಕ್ಷ ಅಕ್ಷರ. ಪ್ರತಿ ಅಕ್ಷರವನ್ನು ಸರಾಸರಿ 50 ಸಲ ಓದಲು 25 ಕೋಟಿ ಅಕ್ಷರ ಬೇಕು. ಡಿಎನ್‌ಎ ತುಣುಕನ್ನು ಎರಡೂ ಕಡೆಯಿಂದ 150 ಅಕ್ಷರದಂತೆ ಓದುವ ಯಂತ್ರದಲ್ಲಿ ಜೋಡಿಗೆ 300, ಅಂದರೆ ಸುಮಾರು 8.3 ಲಕ್ಷ ಜೋಡಿ. ಓದಿದ ತುಣುಕುಗಳನ್ನು ಜೋಡಿಸಿ ಜೀನೋಮ್ ಕಟ್ಟಿದ ಮೇಲೆ ಮೊದಲು ಒಟ್ಟು ಉದ್ದ ನೋಡಿ. ಟೈಫಿ 48 ಲಕ್ಷದ ಆಸುಪಾಸಿನಲ್ಲಿರಬೇಕು. 90 ಲಕ್ಷ ಬಂದರೆ ಎರಡು ಜೀವಿಗಳು ಬೆರೆತಿವೆ. ಮತ್ತೆ ಒಂಟಿ ಕಾಲನಿಯಿಂದ ಶುರುಮಾಡಬೇಕು.

ಹೋಲಿಕೆಗೆ ಯಾವ ಆಧಾರ ಜೀನೋಮ್ ಎಂಬುದನ್ನು ಅವಸರದಲ್ಲಿ ತೀರ್ಮಾನಿಸಬೇಡಿ. ಇ. ಕೊಲೈಯಲ್ಲೇ ನೋಡಿ: ಲ್ಯಾಬುಗಳಲ್ಲಿ ಸಾಕಿದ ಕೆ-12 ತಳಿ ಸುಮಾರು 46 ಲಕ್ಷ ಅಕ್ಷರದ್ದು, ರಕ್ತಭೇದಿ ತರುವ ಒ157 ಸುಮಾರು 55 ಲಕ್ಷದ್ದು. ರೋಗ ತರುವ ಜೀನ್‌ಗಳು ಆ ಹೆಚ್ಚುವರಿ ಭಾಗದಲ್ಲೇ ಕೂತಿವೆ, ಕೆ-12ರ ಮೇಲೆ ಹೊಂದಿಸಿದರೆ ಅವು ಕಾಣುವುದೇ ಇಲ್ಲ. 2002ರಲ್ಲಿ ಮೂರು ಇ. ಕೊಲೈ ತಳಿಗಳನ್ನು ಹೋಲಿಸಿದಾಗ ಮೂರಕ್ಕೂ ಸಮಾನವಾಗಿದ್ದ ಪ್ರೋಟೀನುಗಳು ಶೇ. 39 ಮಾತ್ರ. ಮೊದಲು ಏಳು ಜೀನ್‌ಗಳ ಅಕ್ಷರಗಳನ್ನು ಹೋಲಿಸುವ ಎಂಎಲ್‌ಎಸ್‌ಟಿ ಮಾಡಿ ತಳಿಯ ಗುಂಪು ತಿಳಿದುಕೊಳ್ಳಿ, ಆ ಗುಂಪಿಗೆ ಹತ್ತಿರದ ಜೀನೋಮ್ ಅನ್ನೇ ಆಧಾರವಾಗಿಡಿ.

ವಂಶವೃಕ್ಷ ಕಟ್ಟುವಾಗ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ) ಮತ್ತು ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಭಾಗಗಳನ್ನು ಹೊರಗಿಡಿ. ಅವು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುತ್ತವೆ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್‌ಗೂ ಬಗ್ಗದ ಟೈಫಾಯ್ಡ್ ಹರಡಿದ್ದು ಇಂಥದೇ ಒಂದು ಪ್ಲಾಸ್ಮಿಡ್‌ನಿಂದ. ಮಂಗಳೂರಿನ ಮಾದರಿಯಲ್ಲೂ ಕಾಸರಗೋಡಿನ ಉಪ್ಪಳದ ಮಾದರಿಯಲ್ಲೂ ಒಂದೇ ಪ್ರತಿರೋಧ ಜೀನ್ ಸಿಕ್ಕರೆ ಎರಡೂ ಒಂದೇ ಮೂಲದವು ಎನ್ನಲಾಗದು.

ಬದಲಾವಣೆಯ ವೇಗವೂ ಬೇರೆ ಬೇರೆ. ಕಾಲರಾ ರೋಗಾಣುವಿನ ಜೀನೋಮ್‌ನಲ್ಲಿ ವರ್ಷಕ್ಕೆ ಸುಮಾರು ಮೂರು ಅಕ್ಷರ ಬದಲಾಗುತ್ತವೆ, ಟೈಫಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಹೀಗಾಗಿ ಎರಡು ಟೈಫಿ ಮಾದರಿಗಳ ನಡುವೆ ಒಂದೇ ಅಕ್ಷರದ ವ್ಯತ್ಯಾಸ ಇದ್ದ ಮಾತ್ರಕ್ಕೆ ಅವು ಒಂದೇ ಬಾವಿಯವು ಎಂದು ಬರೆಯಬೇಡಿ; ವರ್ಷದ ಹಿಂದೆ ಬೇರೆಯಾದವೂ ಹಾಗೇ ಕಾಣುತ್ತವೆ. ಅಲ್ಲಿ ತೀರ್ಮಾನ ಹೇಳುವುದು ಚೀಟಿಯ ಮೇಲಿನ ತಾರೀಕು ಮತ್ತು ನೀರಿನ ಮೂಲ.

ಜೀನೋಮ್ ಅನ್ನು ಸಾರ್ವಜನಿಕ ಭಂಡಾರಕ್ಕೆ ಏರಿಸುವಾಗ ಸ್ಥಳದ ಅಂಕಣದಲ್ಲಿ ಬರೀ ಭಾರತ ಎಂದು ಬಿಡದೆ ಕೇರಳ, ಕಾಸರಗೋಡು ಎಂದು ತುಂಬಿ. ತಾರೀಕಿನ ಅಂಕಣಕ್ಕೆ ಏರಿಸಿದ ದಿನವಲ್ಲ, ಮಾದರಿ ತೆಗೆದ ದಿನ. ವಾರ್ಡ್, ಮನೆ, ರೋಗಿಯ ಹೆಸರು ಹಾಕಬೇಡಿ. ಸಣ್ಣ ಊರಿನಲ್ಲಿ ವಾರ್ಡ್ ಸಂಖ್ಯೆ ಸಿಕ್ಕರೂ ಯಾರ ಮನೆಯೆಂದು ತಿಳಿದುಬಿಡುತ್ತದೆ.